ಭಾವ ತಂದ ಡಿರೇಲರ್

ಬಸ್ಸಿನ ಹಿಂದೆ ನಾನು. ಬಸ್ಸಿನ ಮುಂದೆ ನನ್ನ ಹೆಂಡತಿ. ನಡುವೆ ಒಂದಿಡೀ ಬಸ್ಸು.

ಸಿದ್ಧಕಟ್ಟೆಯಿಂದ ವಾಮದಪದವು ಕಡೆಗೆ ಹೋಗುವಾಗ ಸಿಗುವ ಏರು ಅದು. ಪದ್ಮಜಾ ಎಂದಿನಂತೆ ಸೈಕಲಿನಲ್ಲಿ ಕೆಲಸಕ್ಕೆ ಹೊರಟಿದ್ದಳು. ಓದುವ ಕನ್ನಡಕವನ್ನು ಮನೆಯಲ್ಲೇ ಬಿಟ್ಟಿದ್ದಳು. ಅದನ್ನು ಕೊಡಲು ನಾನು ಸ್ಕೂಟರಿನಲ್ಲಿ ಹಿಂದೆಯೇ ಹೊರಟೆ. ನಮ್ಮಿಬ್ಬರ ನಡುವೆ ಒಂದು ಪ್ರೈವೇಟ್ ಬಸ್ಸು ನುಗ್ಗಿತು. (ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳ ಅವಸರ ನಿಮಗೆ ಗೊತ್ತೇ ಇದೆ. ಹಿಂದಿನ ಬಸ್ಸಿಗಿಂತ ಮೊದಲು ಮುಂದಿನ ಸ್ಟಾಪು ಮುಟ್ಟದಿದ್ದರೆ ಆಕಾಶ ತಲೆ ಮೇಲೆ ಬೀಳುತ್ತದೆ.)

ಇದ್ದಕ್ಕಿದ್ದಂತೆ ಉದ್ದದ ಹಾರ್ನ್. ಬ್ರೇಕಿನ ಕಿರುಚಾಟ. ಬಸ್ಸು ನಿಂತಿತು. ಕಂಡಕ್ಟರ್ ಹಾರಿ ಇಳಿದು ಮುಂದಕ್ಕೆ ಓಡಿದ.

ನನಗೆ ಕಾಣುತ್ತಿದ್ದದ್ದು ಬಸ್ಸಿನ ಬೆನ್ನು ಮಾತ್ರ. ಅದರ ಮೇಲೆ 'ಅಂತರ ಕಾಯ್ದುಕೊಳ್ಳಿ' ಎಂದು ಬರೆದಿತ್ತು. ಆ ಹೊತ್ತಿನಲ್ಲಿ ನಾನು ಏನೇನು ಯೋಚಿಸಿದೆ ಎಂಬುದನ್ನು ಇಲ್ಲಿ ಬರೆಯಲಾರೆ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಿದ ನೆನಪಿಲ್ಲ. (ಹಾಕಿರಲಿಲ್ಲ. ಆಮೇಲೆ ನೋಡಿದರೆ ಅದು ಅಡ್ಡಬಿದ್ದಿತ್ತು.) ಓಡಿ ಮುಂದೆ ಹೋದರೆ ಪದ್ಮಜಾ ರಸ್ತೆ ಬದಿಯ ಹುಲ್ಲಿನಲ್ಲಿ ಸೈಕಲ್ ಹಿಡಿದುಕೊಂಡು ನಿಂತಿದ್ದಳು. ಮೊಣಕಾಲಿನ ಹತ್ತಿರ ಚೂಡಿದಾರಕ್ಕೆ ಮಣ್ಣು ಮೆತ್ತಿತ್ತು. ಮುಖ ಬಿಳಿಚಿಕೊಂಡಿತ್ತು. ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಹೇಳುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ.

"ಚೈನ್ ಹಾರಿದ್ದು. ಎಂತ ಇಲ್ಲ," ಎಂದಳು.

ಎಂತ ಇಲ್ಲವಂತೆ. ಏರಿನಲ್ಲಿ ಬಲ ಹಾಕಿ ಪೆಡಲ್ ಮೆಟ್ಟುವಾಗ ಚೈನ್ ಹಾರಿದೆ. ಮೆಟ್ಟಿದ ಕಾಲು ಖಾಲಿ ಹೋಗಿ ಸೈಕಲ್ ರಸ್ತೆ ಮಧ್ಯಕ್ಕೆ ವಾಲಿದೆ. ಹಿಂದೆ ಬಸ್ಸು. ಇದು 'ಎಂತ ಇಲ್ಲ' ಎನ್ನುವ ಲೆಕ್ಕಕ್ಕೆ ಸೇರುವುದಾದರೆ, 'ಏನೋ ಆಯಿತು' ಎನ್ನಲು ಇನ್ನೇನು ಆಗಬೇಕು?

ಆದರೆ ನನಗೆ ಹೆದರಿಕೆಯಾದದ್ದು ಇನ್ನೊಂದು ಕಾರಣಕ್ಕೆ. ಚೈನ್ ಯಾಕೆ ಹಾರಿತು ಎಂದು ನನಗೆ ಗೊತ್ತಿತ್ತು. ಮೊದಲೇ ಗೊತ್ತಿತ್ತು.

ಕಾರಣ, ನನ್ನ ಭಾವ.

ಪದ್ಮಜಾಳ ತಮ್ಮ ಸುಕುಮಾರ ಮಸ್ಕತ್‌ನಲ್ಲಿದ್ದಾನೆ. (ನಮ್ಮ ಕಡೆ ಹೆಂಡತಿಯ ತಮ್ಮನೂ ಭಾವನೇ, ಅವನಿಗೆ ನಾನೂ ಭಾವನೇ.) ಮನೆ ಬೆಳ್ತಂಗಡಿ ಹತ್ತಿರ. ರಜೆಯಲ್ಲಿ ಬಂದನೆಂದರೆ ಅಕ್ಕನಿಗೆ ಏನಾದರೂ ತರದೆ ಬರುವವನಲ್ಲ. ನಮ್ಮ ಚಾವಡಿಯ ಶೋಕೇಸ್ ನೋಡಿದರೆ ಅವನು ಎಷ್ಟು ಸಲ ರಜೆಯಲ್ಲಿ ಬಂದಿದ್ದಾನೆ ಎಂದು ತಿಳಿಯುತ್ತದೆ. ಹಿತ್ತಾಳೆಯ ಒಂಟೆ, ಮುಗಿದ ಅತ್ತರಿನ ಚಂದದ ಬಾಟಲಿಗಳು, ಒಮ್ಮೆಯೂ ಚಹಾ ಕಾಣದ ಟೀ ಸೆಟ್. ಒಮ್ಮೆ ಮಿಕ್ಸಿ ತಂದಿದ್ದ. ಅದರ ಪ್ಲಗ್ ಇಲ್ಲಿನ ಗೋಡೆಗೆ ಹೋಗುವಂಥದ್ದಲ್ಲ. ಅಡಾಪ್ಟರ್ ಹಾಕಿ ಇವತ್ತಿಗೂ ಅದರಲ್ಲೇ ಚಟ್ನಿ ಅರೆಯುತ್ತೇವೆ.

ಈ ಸಲದ ರಜೆಯಲ್ಲಿ ಅವನು ತಂದದ್ದು ಸೈಕಲಿನ ಡಿರೇಲರ್.

ಸೈಕಲ್ ವಿಷಯ ಗೊತ್ತಿಲ್ಲದವರಿಗೆ ಒಂದು ಮಾತು. ಗೇರಿನ ಸೈಕಲಿನಲ್ಲಿ ಹ್ಯಾಂಡಲಿನ ಬಳಿ ಹೆಬ್ಬೆರಳಿನಿಂದ ಕಟ್ ಕಟ್ ಎಂದು ಒತ್ತುವುದು ಶಿಫ್ಟರ್. ಹಿಂದಿನ ಚಕ್ರದ ಪಕ್ಕ ನೇತಾಡಿಕೊಂಡು, ಚೈನನ್ನು ಚಿಕ್ಕ ಹಲ್ಲುಬಿಲ್ಲೆಯಿಂದ ದೊಡ್ಡದಕ್ಕೆ, ದೊಡ್ಡದರಿಂದ ಚಿಕ್ಕದಕ್ಕೆ ದೂಡುವುದು ಡಿರೇಲರ್. ಎರಡರ ನಡುವೆ ಒಂದು ತಂತಿ. ಇಷ್ಟೇ ಸಂಸಾರ.

ಪದ್ಮಜಾ ವಾಮದಪದವು ಕಡೆಯ ಒಂದು ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಸ್ಕೂಟರ್ ಕಲಿಯಲು ಅವಳಿಗೆ ಮನಸ್ಸಾಗಲಿಲ್ಲ. ಸೈಕಲ್ ಮಾತ್ರ ಅವಳಿಗೆ ಶಾಲೆಗೆ ಹೋಗುವ ದಿನಗಳಿಂದಲೂ ಪ್ರಾಣ. ಹಾಗಾಗಿ ಗೇರಿನ ಸೈಕಲ್ ಒಂದನ್ನು ನಾನೇ ಹುಡುಕಿ ಕೊಡಿಸಿದ್ದೆ. ಹಿಂದೆ ಎಂಟು ಗೇರ್. ಅವಳಿಗೆ ಬೇಕಾದಷ್ಟಾಯಿತು. ಏರಿನಲ್ಲಿ ಹಗುರದ ಗೇರಿಗೆ ಹಾಕಿ, ಯಾವುದೋ ಹಾಡು ಗುನುಗುತ್ತ ಹೋಗುತ್ತಿದ್ದಳು.

ಸುಕುಮಾರನಿಗೆ ಅಲ್ಲಿ ಯಾರೋ ಸೈಕಲ್ ಹುಚ್ಚಿನ ಗೆಳೆಯ ಇದ್ದಾನಂತೆ. ಅಕ್ಕ ಸೈಕಲಿನಲ್ಲಿ ಕೆಲಸಕ್ಕೆ ಹೋಗುತ್ತಾಳೆ ಎಂದದ್ದಕ್ಕೆ ಆ ಗೆಳೆಯ ಒಳ್ಳೆಯ ಡಿರೇಲರ್ ಒಂದನ್ನು ಆರಿಸಿಕೊಟ್ಟಿದ್ದಾನೆ. ಹನ್ನೊಂದು ಗೇರಿನ ಸೈಕಲಿಗೆ ಆಗುವಂಥದ್ದು. ಕಪ್ಪು ಬಣ್ಣ, ಮಿರಮಿರ ಮಿಂಚುತ್ತದೆ. ಮುಟ್ಟಿದರೆ ಬೆಣ್ಣೆ. ಇದು ಅಕ್ಕನ ಸೈಕಲಿಗೆ ಹೊಂದುತ್ತದೆಯೇ ಎಂದು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಒಳ್ಳೆಯದು ಎಲ್ಲಿ ಹಾಕಿದರೂ ಒಳ್ಳೆಯದೇ ಅಲ್ಲವೇ?

ಅಲ್ಲ.

ಬಂಟ್ವಾಳ ಪೇಟೆಯ ನಮ್ಮ ಸೈಕಲ್ ಅಂಗಡಿಯ ಹಮೀದಾಕನ ಹತ್ತಿರ ಒಯ್ದೆ. ಅವರು ಅದನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರು. ಮುಖ ಸ್ವಲ್ಪ ಹುಳಿಯಾಯಿತು. ಎಲ್ಲಿಂದ ಎಂದು ಕೇಳಿದರು. ಭಾವ ಮಸ್ಕತ್‌ನಿಂದ ತಂದದ್ದು ಎಂದೆ. "ಅಡ್ಜಸ್ಟ್ ಮಾಡುವ," ಎಂದರು.

ಅಡ್ಜಸ್ಟ್ ಆಗಲಿಲ್ಲ. ಚಿಕ್ಕ ಬಿಲ್ಲೆಯ ಕಡೆ ಸರಿಮಾಡಿದರೆ ದೊಡ್ಡದರ ಕಡೆ ತಪ್ಪುತ್ತದೆ. ಅಲ್ಲಿ ಸರಿಮಾಡಿದರೆ ಇಲ್ಲಿ ಕರಕರ. ಹಮೀದಾಕ ತಂತಿ ಬಿಗಿಮಾಡಿದರು, ಸಡಿಲ ಮಾಡಿದರು, ಸ್ಕ್ರೂ ತಿರುಗಿಸಿದರು. ಕೊನೆಗೆ, ಹೊಸದಲ್ವಾ, ಓಡಿ ಓಡಿ ಸರಿಯಾದೀತು ಎಂದು ಹೇಳಿ ಹಳೆಯ ಡಿರೇಲರನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಕೊಟ್ಟರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವರಿಗೂ ಗೊತ್ತಿತ್ತು, ಹೇಳಿದರೆ ನನ್ನ ಭಾವನ ಉಡುಗೊರೆಗೆ ಹೆಸರಿಟ್ಟ ಹಾಗಾಗುತ್ತದೆ ಎಂದು.

ನನಗೋ ತಲೆಬಿಸಿ ಎಂದರೆ ಹುಟ್ಟುಗುಣ. ಮನೆಗೆ ಬಂದು ಮೊಬೈಲಿನಲ್ಲಿ ಓದಲು ಕುಳಿತೆ. ಓದಿದಷ್ಟೂ ಬೆವರಿದೆ.

ವಿಷಯ ಇಷ್ಟು. ಶಿಫ್ಟರನ್ನು ಒಮ್ಮೆ ಒತ್ತಿದರೆ ಅದು ತಂತಿಯನ್ನು ಇಷ್ಟೇ ಎಂದು ಎಳೆಯುತ್ತದೆ. ಅಷ್ಟು ತಂತಿಗೆ ತಾನು ಎಷ್ಟು ಸರಿಯಬೇಕು ಎಂಬುದಕ್ಕೆ ಡಿರೇಲರಿಗೆ ತನ್ನದೇ ಲೆಕ್ಕ ಇರುತ್ತದೆ. ಕಂಪೆನಿಗೊಂದು ಲೆಕ್ಕ. ಒಂದೇ ಕಂಪೆನಿಯಲ್ಲೂ ಹಳೆಯ ಮಾಡೆಲಿಗೊಂದು, ಹೊಸದಕ್ಕೊಂದು. ಎರಡರ ಲೆಕ್ಕ ಕೂಡಿದರೆ ಒಂದು ಕ್ಲಿಕ್‌ಗೆ ಒಂದು ಗೇರ್. ಕೂಡದಿದ್ದರೆ ಚೈನ್ ಎರಡು ಬಿಲ್ಲೆಗಳ ನಡುವೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಭಾವ ತಂದದ್ದು ಕಡಿಮೆ ಸರಿಯುವ ಜಾತಿ. ಹಾಗಾಗಿ ಹಗುರದ ಗೇರಿನ ದೊಡ್ಡ ಬಿಲ್ಲೆಗಳವರೆಗೆ ಚೈನ್ ತಲುಪುವುದೇ ಇಲ್ಲ. ಸಮತಟ್ಟಿನಲ್ಲಿ ಹೇಗೋ ನಡೆಯುತ್ತದೆ. ಏರು ಬಂತು, ಬಲ ಹಾಕಿ ಮೆಟ್ಟಿದಿರಿ, ಹಾರುತ್ತದೆ.

ಮಿಕ್ಸಿಗೆ ಅಡಾಪ್ಟರ್ ಇತ್ತು. ಇದಕ್ಕೆ ಹಮೀದಾಕನ ಅಂಗಡಿಯಲ್ಲಿ ಅಂಥದ್ದೇನೂ ಇರಲಿಲ್ಲ.

ಹಾಗಾದರೆ ತೆಗೆದು ಹಳೆಯದನ್ನು ಹಾಕಬಾರದಿತ್ತೇ? ನೀವು ಕೇಳುತ್ತೀರಿ ಎಂದು ಗೊತ್ತು. ನೀವು ನಮ್ಮ ಕಡೆಯವರಾದರೆ ಕೇಳಲಿಕ್ಕಿಲ್ಲ.

ನಮ್ಮಲ್ಲಿ ಹೆಣ್ಣಿನ ತವರಿಗೆ ತೂಕ ಹೆಚ್ಚು. ಅಳಿಯಸಂತಾನ ಕಾಗದದಲ್ಲಿ ಮುಗಿದು ಎಷ್ಟೋ ಕಾಲವಾಯಿತು, ಮನಸ್ಸಿನಲ್ಲಿ ಮುಗಿದಿಲ್ಲ. ಅಕ್ಕನಿಗೆ ತಮ್ಮ ತಂದ ವಸ್ತುವನ್ನು ಗಂಡನಾದವನು 'ಇದು ಹೊಂದುವುದಿಲ್ಲ' ಎಂದು ತೆಗೆದಿಟ್ಟ ಎಂದುಕೊಳ್ಳಿ. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಇರುವ ನೆಂಟರ ಮನೆಗಳಲ್ಲಿ ಆ ಮಾತು ಹೇಗೆಲ್ಲ ಬೆಳೆದೀತು? ಡಿರೇಲರ್ ಎಂಬ ಶಬ್ದ ಯಾರಿಗೂ ನೆನಪಿರುವುದಿಲ್ಲ. ಭಾವನ ಉಡುಗೊರೆಯನ್ನು ಬೇಡ ಎಂದನಂತೆ ಎನ್ನುವುದಷ್ಟೇ ಉಳಿಯುತ್ತದೆ.

ಅದಲ್ಲದೆ ಫಿಟ್ ಮಾಡಿದ ದಿನವೇ ನಾನು ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಅತ್ತೆ, ಚಿಕ್ಕಮ್ಮ, ಅತ್ತಿಗೆ, ಎಲ್ಲರೂ ಹೆಬ್ಬೆರಳು ತೋರಿಸಿದ್ದರು. ಸುಕುಮಾರ ಒಂದು ಹೃದಯವನ್ನೇ ಕಳಿಸಿದ್ದ. ಆ ಹೃದಯವನ್ನು ಈಗ ಹೇಗೆ ವಾಪಸು ಕೊಡುವುದು?

ಹಾಗಾಗಿ ಸುಮ್ಮನಿದ್ದೆ. ಓಡಿ ಓಡಿ ಸರಿಯಾದೀತು ಎಂಬ ಹಮೀದಾಕನ ಮಾತನ್ನು ನಂಬಲು ನೋಡಿದೆ. ರಜೆ ಮುಗಿಸಿ ಅವನು ವಿಮಾನ ಹತ್ತಲಿ, ಮರುದಿನವೇ ಬದಲಾಯಿಸುವ ಎಂದುಕೊಂಡೆ. ಪದ್ಮಜಾಳೂ ಏನೂ ಹೇಳಲಿಲ್ಲ. ಅವಳ ಹಾಡು ಮಾತ್ರ ನಿಂತಿತ್ತು.

ಅಷ್ಟರಲ್ಲಿ ಬಸ್ಸು ಬಂತು.

ಅವತ್ತೇ ಮೂಡುಬಿದಿರೆಗೆ ಹೋದೆ. ಅಲ್ಲಿ ಕಾಲೇಜು ಹುಡುಗರು ದೊಡ್ಡ ದೊಡ್ಡ ಸೈಕಲ್ ತರುವ ಅಂಗಡಿಯೊಂದಿದೆ. ಏನಾದರೂ ಒಂದು ಉಪಾಯ ಇರಬಹುದು ಎಂಬ ಆಸೆ. ಅಂಗಡಿಯಾತ ನಾನು ತೋರಿಸಿದ ಫೋಟೋ ನೋಡಿ, ಎರಡೂ ಒಳ್ಳೆಯ ಮಾಲೇ, ಒಟ್ಟಿಗೆ ಮಾತ್ರ ಆಗುವುದಿಲ್ಲ ಎಂದ. ಶಿಫ್ಟರ್ ಬದಲಾಯಿಸಬಹುದು, ಆದರೆ ಅದರ ಹಿಂದೆಯೇ ಚೈನು, ಬಿಲ್ಲೆಗಳ ಸೆಟ್ಟು, ಎಲ್ಲವೂ ಬದಲಾಗಬೇಕು. ಅದಕ್ಕಿಂತ ಹಳೆಯದನ್ನೇ ಹಾಕುವುದು ಸುಲಭ ಎಂದ. ಸುಲಭವಂತೆ. ಅವನಿಗೆ ಇನ್ನೂ ಮದುವೆ ಆಗಿರಲಿಕ್ಕಿಲ್ಲ.

ಮರುದಿನದಿಂದ ಬಸ್ಸಿನಲ್ಲಿ ಹೋಗು ಎಂದೆ. ಯಾಕೆ ಎಂದು ಕೇಳಿದಳು. ಯಾಕೆ ಎಂಬುದಕ್ಕೆ ನನ್ನಲ್ಲಿ ಉತ್ತರ ಇತ್ತು, ಬಾಯಿ ಇರಲಿಲ್ಲ. ರಸ್ತೆಯಲ್ಲಿ ವಾಹನ ಜಾಸ್ತಿ ಎಂದೆ. ವಾಹನ ಯಾವಾಗಲೂ ಜಾಸ್ತಿಯೇ ಎಂದು ಹೇಳಿ ಹೊರಟುಹೋದಳು. ನಾನು ಆಫೀಸಿಗೆ ತಡವಾದರೂ ಪರವಾಗಿಲ್ಲ ಎಂದು ಸ್ಕೂಟರಿನಲ್ಲಿ ದೂರದಿಂದ ಹಿಂಬಾಲಿಸಿದೆ. ಏರು ಬಂದಾಗ ಅವಳು ಇಳಿದು ಸೈಕಲನ್ನು ದೂಡಿಕೊಂಡು ಹೋದಳು. ಎಂಟು ಗೇರಿನ ಸೈಕಲನ್ನು ದೂಡಿಕೊಂಡು ಹೋಗುವ ಹೆಂಡತಿ, ಹಿಂದೆ ಕದ್ದು ನೋಡುವ ಗಂಡ. ಯಾರಾದರೂ ಕಂಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಭಾನುವಾರ ಸುಕುಮಾರ ಬಂದ. ಮಸ್ಕತ್‌ಗೆ ಹೊರಡುವ ಮೊದಲು ಅಕ್ಕನ ಮನೆಯಲ್ಲಿ ಒಂದು ಊಟ, ಒಂದು ರಾತ್ರಿ. ನಮ್ಮದು ಜೈನರ ಮನೆ, ಕತ್ತಲಾಗುವ ಮೊದಲೇ ಊಟ ಮುಗಿಯಬೇಕು. ಸಂಜೆ ಚಹಾ ಕುಡಿದವನೇ ಅಂಗಳಕ್ಕೆ ಇಳಿದು, ಅಕ್ಕನ ಸೈಕಲ್ ನೋಡಿ, ಒಂದು ರೌಂಡ್ ಹೋಗಿಬರುತ್ತೇನೆ ಎಂದ.

ಈಗಲೇ ಹೇಳಬೇಕು. ಹೇಳಲು ಬಾಯಿ ತೆರೆದೆ. "ಭಾವ, ನಿಧಾನ ಹೋಗಿ," ಎಂದು ಬಂತು. ಅವನು ನಕ್ಕು ಗೇಟು ದಾಟಿದ.

ಆಮೇಲೆ ಶುರುವಾಯಿತು ನೋಡಿ. ಅವನ ಮೊಬೈಲ್ ಮೇಜಿನ ಮೇಲೆಯೇ ಇತ್ತು. ಬಿಸಿಲು ಅಂಗಳದಿಂದ ಗೋಡೆಗೆ ಹತ್ತಿತು, ಗೋಡೆಯಿಂದ ಮಾಡಿಗೆ ಹತ್ತಿತು. ಅವನು ಬರಲಿಲ್ಲ. ಪದ್ಮಜಾ ಒಳಗೆ ಹಪ್ಪಳ ಕಾಯಿಸುತ್ತಿದ್ದಳು. ನಾನು ಗೇಟಿಗೂ ಚಾವಡಿಗೂ ತಿರುಗುತ್ತಿದ್ದೆ. ದೂರದಲ್ಲಿ ಎಲ್ಲೋ ಬಸ್ಸು ಹಾರ್ನ್ ಹೊಡೆದರೆ ನನ್ನ ಕಾಲು ನಿಲ್ಲುತ್ತಿತ್ತು. ಅಕ್ಕನಾದರೆ ಆ ರಸ್ತೆಯನ್ನು ಬಲ್ಲಳು, ಆ ಸೈಕಲಿನ ಹುಳುಕನ್ನು ಬಲ್ಲಳು. ಇವನು ಎರಡನ್ನೂ ಅರಿಯದವನು. ದೇಹವೂ ಭಾರ. ಬಲ ಹಾಕಿ ಮೆಟ್ಟುತ್ತಾನೆ. ಏನಾದರೂ ಆದರೆ ಅವನ ಹೆಂಡತಿ ಮಕ್ಕಳಿಗೆ ನಾನು ಏನು ಹೇಳಲಿ? ನನಗೆ ಗೊತ್ತಿತ್ತು, ಆದರೆ ನಿಮ್ಮವರಿಗೆ ಬೇಸರವಾಗಬಾರದೆಂದು ಹೇಳಲಿಲ್ಲ ಎನ್ನಲೇ?

ಸ್ಕೂಟರಿನ ಕೀ ಕೈಗೆತ್ತಿಕೊಂಡೆ. ಅಷ್ಟರಲ್ಲಿ ಅವನು ಬಂದ. ಗೇಟಿನ ತನಕ ದೂಡಿಕೊಂಡು ಬಂದು, ಗೇಟಿನ ಒಳಗೆ ಹತ್ತಿ ಕುಳಿತು, ಮೆಟ್ಟಿಕೊಂಡು ಬಂದ. ಅದನ್ನು ನಾನು ನೋಡಿದೆ. ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಲಾಯ್ಕ್ ಉಂಟು ಭಾವ. ಬೆಣ್ಣೆಯ ಹಾಗೆ," ಎಂದ.

ಬೆಣ್ಣೆಯಾದರೆ ಇಷ್ಟು ಹೊತ್ತು ಎಲ್ಲಿದ್ದೆ? ಬೆವರಿ ಅಂಗಿ ಬೆನ್ನಿಗೆ ಯಾಕೆ ಅಂಟಿದೆ? ಆಮೇಲೆ ಹೊಳೆಯಿತು. ಅವನಿಗೂ ಗೊತ್ತಾಗಿದೆ. ಆದರೆ ಅವನ ಲೆಕ್ಕದಲ್ಲಿ ತಪ್ಪಿರುವುದು ನಾನು ಕೊಡಿಸಿದ ಶಿಫ್ಟರಿನಲ್ಲಿ. ಭಾವ ಕೊಡಿಸಿದ್ದಕ್ಕೆ ಹೆಸರಿಡುವುದು ಹೇಗೆ ಎಂದು ಅವನೂ ಮರ್ಯಾದೆ ಕಾಯುತ್ತಿದ್ದಾನೆ.

ಊಟಕ್ಕೆ ಕುಳಿತೆವು. ಹೊರಗೆ ಇನ್ನೂ ಬೆಳಕಿತ್ತು. ಶಿಫ್ಟರ್ ತುಂಬ ಸಮಯದ್ದಾ ಎಂದು ಅವನು ಮೆಲ್ಲಗೆ ಕೇಳಿದ. ಹೌದು, ಸ್ವಲ್ಪ ಹಳತಾಯಿತು, ಆದರೆ ನೀವು ತಂದದ್ದು ಬಂದ ಮೇಲೆ ಸೈಕಲಿಗೇ ಒಂದು ಕಳೆ ಬಂತು ಎಂದೆ ನಾನು. ಇಲ್ಲ ಇಲ್ಲ, ಶಿಫ್ಟರೂ ಒಳ್ಳೆಯದೇ ಎಂದ ಅವನು. ಹೀಗೆ ಇಬ್ಬರೂ ಒಬ್ಬರ ತಟ್ಟೆಗೆ ಇನ್ನೊಬ್ಬರು ಹೊಗಳಿಕೆ ಬಡಿಸುತ್ತಿದ್ದೆವು.

ಪದ್ಮಜಾ ಸಾರಿನ ಸೌಟು ಹಿಡಿದು ನಿಂತಿದ್ದಳು. ತಮ್ಮನ ಎಡಗೈ ನೋಡಿದಳು. ಎಷ್ಟು ತೊಳೆದರೂ ಹೋಗದ ಚೈನಿನ ಕರಿ ಬೆರಳ ಸಂದಿಯಲ್ಲಿತ್ತು. (ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ಇಳಿಸುವಾಗ ಅದರ ಖಾರ ಸ್ವಲ್ಪ ಕಡಿಮೆಯಾಗಿದೆ.)

"ಎಷ್ಟು ಸಲ ಹಾರಿತು?" ಎಂದು ಕೇಳಿದಳು.

ಅವನು ತಲೆ ತಗ್ಗಿಸಿದ. "ತುಂಬ ಸಲ, ಅಕ್ಕ."

"ನಿನಗೆ ಬೇಜಾರಾಗ್ತದೆ ಅಂತ ಇವರು ಸುಮ್ಮನೆ. ಇವರಿಗೆ ಬೇಜಾರಾಗ್ತದೆ ಅಂತ ನೀನು ಸುಮ್ಮನೆ. ಇಬ್ಬರೂ ಒಳ್ಳೆಯವರೇ. ಮೊನ್ನೆ ಬಸ್ಸಿನ ಎದುರು ಬಿದ್ದವಳು ನಾನಲ್ವಾ?"

ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. ಸುಕುಮಾರನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಬಸ್ಸಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಕಣ್ಣು ತುಂಬಿತು. ಪದ್ಮಜಾ, ತಮ್ಮ ಆಸೆಪಟ್ಟು ತಂದದ್ದು ಅಂತ ನಾನೂ ಇಷ್ಟು ದಿನ ಬಾಯಿಮುಚ್ಚಿಕೊಂಡಿದ್ದೆ, ಇವರು ಹೇಳಿಯಾರು ಎಂದು ಕಾದೆ, ಬಸ್ಸಿನೆದುರು ಬಿದ್ದ ಮೇಲೆ ಇನ್ನು ಕಾಯುವ ಧೈರ್ಯ ಇಲ್ಲ ಎಂದಳು. ಸೌಟನ್ನು ಪಾತ್ರೆಯಲ್ಲಿಟ್ಟಳು.

ಇಷ್ಟಾದ ಮೇಲಾದರೂ ನಮಗೆ ಬುದ್ಧಿ ಬರಬೇಕಿತ್ತು. ಬಂತೇ?

ಕೈ ತೊಳೆದು ಚಾವಡಿಗೆ ಬಂದೆವು. ನನ್ನದನ್ನು ತೆಗೆಯುವ ಭಾವ, ಹಳೆಯದನ್ನೇ ಹಾಕಿ ಎಂದ ಅವನು. ಅದು ಹೇಗಾಗುತ್ತದೆ, ನೀವು ಅಷ್ಟು ದೂರದಿಂದ ತಂದದ್ದು, ನನ್ನ ಶಿಫ್ಟರ್ ತೆಗೆಯುವ ಎಂದೆ ನಾನು. ಬೇಡ ಬೇಡ, ನಿಮ್ಮದಿರಲಿ. ಛೆ, ನಿಮ್ಮದೇ ಇರಲಿ. ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ರಜೆ ಹಾಕಿ ಕುಳಿತರೂ ಅದೇ ಮಾತು. ಇಬ್ಬರದ್ದೂ ಉಳಿಯಬೇಕಾದರೆ ಶಿಫ್ಟರಿನಿಂದ ಚೈನಿನವರೆಗೆ ಹೊಸ ಸೆಟ್ಟು ತರಿಸಬೇಕು, ಅದರ ಜೊತೆ ಹಿಂದಿನ ಚಕ್ರವೂ ಬದಲಾಗಬೇಕೋ ಏನೋ ಎಂದು ಇಬ್ಬರೂ ಒಂದೇ ಮೊಬೈಲಿಗೆ ತಲೆ ತೂರಿಸಿ ಕುಳಿತೆವು. ನನ್ನ ಶಿಫ್ಟರೇ ಉಳಿಯುವುದಿಲ್ಲ ಎಂಬುದನ್ನೂ ಮರೆತಿದ್ದೆವು. ಅಕ್ಕ ಎಲ್ಲಿ ಎಂದು ಇಬ್ಬರೂ ಕೇಳಲಿಲ್ಲ.

ಅಕ್ಕ ಬಂಟ್ವಾಳದಲ್ಲಿದ್ದಳು. ಸೋಮವಾರ ಗ್ರಂಥಾಲಯಕ್ಕೆ ರಜೆ. ಬೆಳಿಗ್ಗೆಯೇ ಪಕ್ಕದ ಮನೆಯವರ ಗೂಡ್ಸ್ ರಿಕ್ಷಾ ಪೇಟೆಗೆ ಹೊರಟದ್ದು ಕಂಡು, ಸೈಕಲನ್ನು ಅದರ ಮೇಲೆ ಹಾಕಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿದ್ದ ಹಳೆಯ ಡಿರೇಲರನ್ನು ಹಿಡಿದುಕೊಂಡು ಹಮೀದಾಕನ ಅಂಗಡಿಗೆ ಹೋಗಿದ್ದಳು. ಅವರು ಒಂದು ಮಾತೂ ಕೇಳದೆ ಬಿಚ್ಚಿ ಹಾಕಿಕೊಟ್ಟರಂತೆ. ಅವರಿಗೂ ಎದೆಯ ಭಾರ ಇಳಿದ ಹಾಗೆ ಕಂಡಿತಂತೆ.

ವಾಪಸು ಬಂದದ್ದು ಸೈಕಲಿನಲ್ಲೇ. ಗೇಟಿನ ಹೊರಗಿನ ಚಿಕ್ಕ ಏರಿನಲ್ಲಿ ಕಟ್, ಕಟ್ ಎಂದು ಎರಡು ಸಲ ಸದ್ದಾಯಿತು. ಅದರ ಹಿಂದೆಯೇ ಹಾಡು ಕೇಳಿಸಿತು. ನಾವಿಬ್ಬರೂ ಮೊಬೈಲಿನಿಂದ ತಲೆ ಎತ್ತಿದೆವು.

ಅವಳು ಒಳಗೆ ಬಂದು, ಭಾವ ತಂದ ಡಿರೇಲರನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಶೋಕೇಸಿನ ಬಾಗಿಲು ತೆಗೆದು, ಹಿತ್ತಾಳೆಯ ಒಂಟೆಯನ್ನು ಸ್ವಲ್ಪ ಸರಿಸಿ ಅದರ ಪಕ್ಕ ಇಟ್ಟಳು. "ಇಲ್ಲಿ ಎಲ್ಲರಿಗೂ ಕಾಣ್ತದೆ," ಎಂದಳು. ಸುಕುಮಾರ ನಕ್ಕ. ಬಹಳ ಹೊತ್ತಿನ ಮೇಲೆ ಅವನ ಮುಖದಲ್ಲಿ ಅಳುಕಿಲ್ಲದ ನಗು ಕಂಡೆ. ಫೋಟೋ ತೆಗೆದು ಗ್ರೂಪಿಗೆ ಹಾಕಿದ್ದೂ ಅವನೇ. ಮತ್ತೆ ಎಲ್ಲರ ಹೆಬ್ಬೆರಳು.

ಅವನು ಮಸ್ಕತ್‌ಗೆ ಹೋದ. ನನ್ನ ತಲೆಬಿಸಿ ಮಾತ್ರ ಪೂರ್ತಿ ಹೋಗಿಲ್ಲ. ಈಗಲೂ ಆ ಏರಿನಲ್ಲಿ ಬಸ್ಸಿನ ಹಾರ್ನ್ ಕೇಳಿದರೆ ಸ್ಕೂಟರ್ ನಿಲ್ಲಿಸಿ ಮುಂದೆ ನೋಡುತ್ತೇನೆ. ಅದಕ್ಕೆ ಡಿರೇಲರ್ ಕಾರಣವಲ್ಲ ಎಂದೂ ಗೊತ್ತು. ಎಷ್ಟು ಮನೆಗಳಲ್ಲಿ ಇದೇ ನಡೆಯುತ್ತಿದೆ ಎಂದು ಯೋಚಿಸಿದರೆ ಭಯವಾಗುತ್ತದೆ. ಮಾವ ಹೇಳಿದರೆಂದು ಸೈನ್ಸ್ ತೆಗೆದುಕೊಂಡು ಲೆಕ್ಕ ಹತ್ತದೆ ಒದ್ದಾಡುವ ಹುಡುಗಿ. ದೊಡ್ಡಪ್ಪ ತೋರಿಸಿದ ಸಂಬಂಧ, ಬೇಡ ಎನ್ನುವುದು ಹೇಗೆ ಎಂದು ಒಪ್ಪಿಕೊಂಡ ಮದುವೆ. ಕೊಟ್ಟವರು ಒಳ್ಳೆಯವರು. ಕೊಟ್ಟದ್ದೂ ಒಳ್ಳೆಯದೇ. ಹೊಂದುತ್ತಿಲ್ಲ ಎಂದು ಸುತ್ತ ಇದ್ದವರಿಗೆಲ್ಲ ಗೊತ್ತು. ಯಾರ ಬಾಯಲ್ಲೂ ಮಾತಿಲ್ಲ, ಯಾಕೆಂದರೆ ಬೇಸರವಾದೀತು. ಆಮೇಲೆ ಒಂದು ದಿನ ಏರು ಬರುತ್ತದೆ.

ನಿಮ್ಮ ಮನೆಯಲ್ಲೂ ಮರ್ಯಾದೆಗೆಂದು ಹಾಕಿಸಿಕೊಂಡದ್ದು ಏನಾದರೂ ಇದ್ದೀತು. ಅದನ್ನು ದಿನಾ ಮೆಟ್ಟುತ್ತಿರುವವರು ಯಾರು?